ಸಿಂಕ್ ಆದ ಮೇಲೆ ಖಾಲಿ ಫೋಲ್ಡರ್ ಕಂಡರೆ ಅವಸರದಲ್ಲಿ ಅಳಿಸಬೇಡಿ

ಬರೀ ಫೋಟೋಗಳನ್ನು ಬ್ಯಾಕಪ್ ಡಿಸ್ಕಿಗೆ ತರಲು, ಫೈಲ್ ನಕಲಿಸುವ ಕಮಾಂಡ್ ಆದ ಆರ್‌ಸಿಂಕ್‌ನಲ್ಲಿ ಯಾವುದು ಬೇಕು, ಯಾವುದು ಬೇಡ ಎನ್ನುವ ಫಿಲ್ಟರ್ ಹಾಕಿದಾಗ, ಫೋಟೋಗಳ ಜೊತೆ ರಾಶಿ ಖಾಲಿ ಫೋಲ್ಡರ್‌ಗಳೂ ಬರುತ್ತವೆ. ಇದು ಪ್ರೋಗ್ರಾಂನ ದೋಷವಲ್ಲ. ಒಳಗೆ ಇಳಿದು ಹುಡುಕಬೇಕಾದರೆ ‘ಎಲ್ಲ ಡೈರೆಕ್ಟರಿಗಳನ್ನೂ (ಅಂದರೆ ಫೋಲ್ಡರ್‌ಗಳನ್ನೂ) ಸೇರಿಸು’ ಎಂಬ ನಿಯಮ ಬೇಕೇ ಬೇಕು. ಹಾಗೆ ಸೇರಿದ ಡೈರೆಕ್ಟರಿಯಲ್ಲಿ ಒಂದು ಫೋಟೋ ಇಲ್ಲದಿದ್ದರೂ ಅದು ಬ್ಯಾಕಪ್ ಡಿಸ್ಕಿನಲ್ಲಿ ಹುಟ್ಟಿಕೊಳ್ಳುತ್ತದೆ.

ಅನಾಹುತ ಆಗುವುದು ಇದರ ಮುಂದೆ. ಫಿಲ್ಟರ್‌ನಲ್ಲಿ ‘ಜೆಪಿಜಿ’ ಎಂದು ಚಿಕ್ಕಕ್ಷರದಲ್ಲಿ ಬರೆದಿರುತ್ತೀರಿ. ಎಷ್ಟೋ ಕ್ಯಾಮೆರಾಗಳು ಫೈಲ್ ಹೆಸರಿನ ಕೊನೆಗೆ ಅದನ್ನೇ ದೊಡ್ಡಕ್ಷರದಲ್ಲಿ ಹಾಕುತ್ತವೆ. ಆರ್‌ಸಿಂಕ್‌ಗೆ ಇವೆರಡೂ ಬೇರೆ ಬೇರೆ. ಇಡೀ ಪ್ರವಾಸದ ಫೋಟೋಗಳು ಬರದೆ ಉಳಿದಿರುತ್ತವೆ, ಎರರ್ ಒಂದೂ ಬಂದಿರುವುದಿಲ್ಲ. ಆ ಖಾಲಿ ಫೋಲ್ಡರ್ ಒಂದೇ ಸುಳಿವು. ಅದನ್ನೂ ಗುಡಿಸಿ ಹಾಕಿದರೆ, ಬ್ಯಾಕಪ್ ಪೂರ್ತಿ ಇದೆ ಎಂದುಕೊಂಡು ಮೂಲವನ್ನೇ ಅಳಿಸಿಬಿಡುವವರಿದ್ದಾರೆ.

ಆದ್ದರಿಂದ ಮೊದಲು ನಾಲ್ಕೈದು ಖಾಲಿ ಫೋಲ್ಡರ್ ಆರಿಸಿ, ಮೂಲದಲ್ಲಿ ಅವುಗಳೊಳಗೆ ಏನಿದೆ ನೋಡಿ. ಎರಡೂ ಬಗೆಯ ಅಕ್ಷರಕ್ಕೆ ಬೇರೆ ಬೇರೆ ‘ಇನ್‌ಕ್ಲೂಡ್’ ಸಾಲು ಕೊಡಿ. ‘ಎಲ್ಲವನ್ನೂ ಬಿಡು’ ಎನ್ನುವ ಸಾಲು ಕೊನೆಯಲ್ಲೇ ಇರಲಿ, ಏಕೆಂದರೆ ಮೊದಲು ಹೊಂದಿದ ನಿಯಮವೇ ಗೆಲ್ಲುತ್ತದೆ.

ಇದಾದ ಮೇಲಷ್ಟೇ ಖಾಲಿ ಫೋಲ್ಡರ್‌ಗಳನ್ನು ಫೈಲ್ ಪಟ್ಟಿಯಿಂದ ಕೈಬಿಡುವ ‘ಪ್ರೂನ್ ಎಂಪ್ಟಿ ಡರ್ಸ್’ ಆಯ್ಕೆ, ಅಂದರೆ ಚಿಕ್ಕಕ್ಷರದ ‘ಎಂ’ ಬಳಸಿ. ಜೊತೆಗೆ ‘ಎನ್’ ಮತ್ತು ‘ವಿ’ ಸೇರಿಸಿದರೆ ಏನನ್ನೂ ಮುಟ್ಟದೆ ಪಟ್ಟಿ ಮಾತ್ರ ತೋರಿಸುತ್ತದೆ. ಆ ಪಟ್ಟಿಯನ್ನು ಓದದೆ ಮುಂದೆ ಹೋಗಬೇಡಿ. ದೊಡ್ಡ ಫೈಲ್‌ಗಳನ್ನು ಬಿಡುವ ‘ಮ್ಯಾಕ್ಸ್ ಸೈಜ್’ ಮಿತಿಯಿಂದಾಗಿ ಖಾಲಿ ಉಳಿದ ಫೋಲ್ಡರ್‌ಗಳನ್ನು ಈ ಆಯ್ಕೆ ತೆಗೆಯುವುದಿಲ್ಲ, ಆ ಮಿತಿ ಫೈಲ್ ಪಟ್ಟಿಯನ್ನು ಬದಲಿಸುವುದಿಲ್ಲವಲ್ಲ. ಹಿಂದಿನ ಸಿಂಕ್‌ನಲ್ಲಿ ಬಂದು ಕೂತ ಖಾಲಿ ಫೋಲ್ಡರ್‌ಗಳು ಹೋಗಬೇಕಾದರೆ, ಫೈಲ್ ಪಟ್ಟಿಯಲ್ಲಿ ಇಲ್ಲದ್ದನ್ನು ಬ್ಯಾಕಪ್‌ನಿಂದ ಅಳಿಸುವ ‘ಡಿಲೀಟ್’ ಕೂಡ ಬೇಕು. ಆದರೆ ‘ಡಿಲೀಟ್ ಎಕ್ಸ್‌ಕ್ಲೂಡೆಡ್’ ಎಂದು ಕೊಟ್ಟಿರೋ, ಆ ಕಡೆ ಫೋಟೋ ಅಲ್ಲದ ಫೈಲ್‌ಗಳೆಲ್ಲ ಮಾಯ.

ಮೂಲದಲ್ಲಿ, ಫೈಲ್ ಹುಡುಕುವ ‘ಫೈಂಡ್’ ಕಮಾಂಡ್ ಓಡಿಸಿ ಖಾಲಿ ಫೋಲ್ಡರ್ ತೆಗೆಯುವುದಂತೂ ಬೇಡವೇ ಬೇಡ. ಅದರಲ್ಲಿ ‘ಡಿಲೀಟ್’ ಪದ ‘ಎಂಪ್ಟಿ’ಗಿಂತ ಮೊದಲು ಬಂದರೆ ಖಾಲಿ ಅಲ್ಲದ್ದೂ ಸೇರಿ ಎಲ್ಲವೂ ಅಳಿಯುತ್ತದೆ. ಸರಿಯಾಗಿ ಬರೆದರೂ, ಇಮೇಲ್‌ಗಳನ್ನು ಫೋಲ್ಡರ್‌ಗಳಲ್ಲಿ ಇಡುವ ಮೇಲ್‌ಡಿರ್ ಅಂಚೆಪೆಟ್ಟಿಗೆಯ ‘ಟಿಎಂಪಿ’ಯಂಥ ಫೋಲ್ಡರ್‌ಗಳು ಹೋಗುತ್ತವೆ. ಹೊಸ ಪತ್ರ ಮೊದಲು ಇಳಿಯುವುದೇ ಅಲ್ಲಿ.

ವಿಂಡೋಸ್‌ನ ನಕಲು ಕಮಾಂಡ್ ರೋಬೋಕಾಪಿಯಲ್ಲಿ ‘ಇ’ ಬದಲು ‘ಎಸ್’ ಕೊಟ್ಟರೆ ಖಾಲಿ ಫೋಲ್ಡರ್ ನಕಲಾಗುವುದಿಲ್ಲ. ‘ಮಿರ್’ನಲ್ಲಿ ‘ಇ’ ಮತ್ತು ‘ಪರ್ಜ್’ (ಮೂಲದಲ್ಲಿ ಇಲ್ಲದ್ದನ್ನು ಆ ಕಡೆ ಅಳಿಸುವುದು) ಎರಡೂ ಅಡಗಿವೆ.