ಆಯಿಯ ಎರಡನೇ ಮೂಗುಬೊಟ್ಟು: ಡಾರ್ಕ್‌ರೂಮಿನ ಧೂಳಿಗೆ ಯಾವ ಮದ್ದು?

ಆಯಿಯ ಫೋಟೋ ಪ್ರಿಂಟ್ ಮಾಡಿ, ಒಣಗಿಸಿ, ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದವಳು, "ಇದೆಂತದೋ ತಮಾ, ಎರಡು ಮೂಗುಬೊಟ್ಟು?" ಎಂದಳು.

ಎರಡನೆಯದು ಧೂಳು. ನೆಗೆಟಿವ್ ಮೇಲೆ ಕೂತ ಕಣ ಬೆಳಕನ್ನು ತಡೆಯುತ್ತದೆ. ಕಾಗದದಲ್ಲಿ ಅಷ್ಟು ಜಾಗ ಬೆಳ್ಳಗೆ ಉಳಿಯುತ್ತದೆ. 35 ಮಿ.ಮೀ. ಫಿಲ್ಮನ್ನು 8×10 ಇಂಚಿಗೆ ಹಿಗ್ಗಿಸಿದರೆ ಸುಮಾರು 8 ಪಟ್ಟು ದೊಡ್ಡದಾಗುತ್ತದೆ. ಸೂಜಿಮೊನೆಯಷ್ಟಿದ್ದದ್ದು ಮೂಗುಬೊಟ್ಟಾಗದೆ ಇನ್ನೇನು!

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಡಾರ್ಕ್‌ರೂಮ್, ಅಂದರೆ ಫೋಟೋ ಪ್ರಿಂಟ್ ಮಾಡುವ ಕತ್ತಲೆ ಕೋಣೆ, ಮೊದಲು ಅಡಿಕೆ ಚೀಲ ಒಟ್ಟುತ್ತಿದ್ದ ಕೋಣೆ. ಮೇಲೆ ಹಂಚು. ಗಾಳಿ ಬೀಸಿದರೆ ಸಂದಿಯಿಂದ ಕಸ ಉದುರುತ್ತದೆ. ಮೂಲೆಯಲ್ಲಿ ಇನ್ನೂ ಗೋಣಿಯ ನಾರು.

ಮೊದಲು ಧೂಳು ತೆಗೆಯುವ ಸಾಮಾನುಗಳನ್ನೇ ಹೋಲಿಸಿ ನೋಡಿದೆ. ಅದೇ ನೆಗೆಟಿವ್, ಪ್ರತಿ ಸಲ ಹೊಸ ಪ್ರಿಂಟ್. ಮೆತ್ತನೆ ಕೂದಲಿನ ಬ್ರಷ್ ಹೊಸದಿದ್ದಾಗ ಚೆನ್ನಾಗಿತ್ತು. ಆಮೇಲೆ ನನ್ನದೇ ಬೆರಳಿನ ಜಿಡ್ಡು ಅದಕ್ಕೆ ಹತ್ತಿತು. ಡಿಸೆಂಬರ್ ಚಳಿಯ ಒಣ ಹವೆಯಲ್ಲಂತೂ ಫಿಲ್ಮನ್ನು ಉಜ್ಜಿದಷ್ಟೂ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ, ತೆಗೆದ ಧೂಳಿಗಿಂತ ಅಂಟಿದ್ದೇ ಜಾಸ್ತಿ. ಡಬ್ಬಿಯಲ್ಲಿ ಬರುವ ಒತ್ತಡದ ಗಾಳಿಗೆ ದುಡ್ಡೂ ಜಾಸ್ತಿ. ಸ್ವಲ್ಪ ಓರೆಯಾಗಿ ಹಿಡಿದೆ, ಗಾಳಿಯ ಬದಲು ತಣ್ಣನೆ ದ್ರವ ಚಿಮ್ಮಿ ಫಿಲ್ಮ್ ಮೇಲೆ ಕಲೆ ಕೂತಿತು. ಪೂರ್ತಿ ಪಟ್ಟಿಯನ್ನೇ ಮತ್ತೆ ತೊಳೆಯಬೇಕಾಯ್ತು. ರಬ್ಬರ್ ಉಂಡೆಯ ಬ್ಲೋವರ್ ಮಾತ್ರ ಸುಮ್ನೆ ಪುಸ್ ಪುಸ್ ಅಂತ ತನ್ನ ಕೆಲಸ ಮಾಡಿತು. ಬಾಯಿಂದ ಊದುವ ಬುದ್ಧಿ ಬೇಡವೇ ಬೇಡ, ಉಗುಳು ಬೀಳುತ್ತದೆ.

ಆದರೆ ಇಷ್ಟೆಲ್ಲ ಆದರೂ ಮೂಗುಬೊಟ್ಟು ಹೋಗಲಿಲ್ಲ.

ಟಾರ್ಚನ್ನು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಕಣ ಫಿಲ್ಮಿನ ಹೊಳೆಯುವ ಕಡೆ ಇರಲಿಲ್ಲ. ಮಂಕು ಕಡೆ, ಚಿತ್ರ ಮೂಡುವ ಜೆಲಾಟಿನ್ ಪದರದೊಳಗೇ ಹುದುಗಿತ್ತು. ಒದ್ದೆ ಜೆಲಾಟಿನ್ ಉಬ್ಬಿ ಮೆತ್ತಗಾಗಿರುತ್ತದೆ, ಆಗ ಬಿದ್ದದ್ದು ಒಣಗಿದ ಮೇಲೆ ಅಲ್ಲೇ ಗಟ್ಟಿ. ಬ್ಲೋವರ್ ಊದಿದ್ದು ದಂಡ. ಜಗಳ ನೆಗೆಟಿವ್ ಹಿಗ್ಗಿಸಿ ಪ್ರಿಂಟ್ ಮಾಡುವ ಎನ್‌ಲಾರ್ಜರ್ ಹತ್ತಿರ ಅಲ್ಲ, ಒಣಗಿಸುವ ಹಗ್ಗದ ಹತ್ತಿರ, ಅಲ್ವಾ?

ಅಲ್ಲಿಂದ ಒಣಗಿಸುವ ಜಾಗದ ಪರೀಕ್ಷೆ. ನಮ್ಮ ಬಚ್ಚಲಲ್ಲಿ ಹಂಡೆಯ ಹಬೆ ಧೂಳನ್ನು ಕೂರಿಸುತ್ತದೆ ಅಂದುಕೊಂಡಿದ್ದೆ. ಒಲೆಯ ಬಾಯಿ ಒಳಗೇ ಇದೆ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಬೆಳಿಗ್ಗೆ ಫಿಲ್ಮ್ ತುಂಬ ಬೂದಿ. ಕಾರವಾರದಲ್ಲಿ ಅಕ್ಕನ ಮನೆಯ ಬಚ್ಚಲಿಗೆ ಗೀಸರ್. ಬಿಸಿ ನೀರು ಬಿಟ್ಟು ಹಬೆ ತುಂಬಿಸಿ, ಕಿಟಕಿ ಮುಚ್ಚಿ, ಹತ್ತು ನಿಮಿಷ ಬಿಟ್ಟು ಫಿಲ್ಮ್ ತೂಗುಹಾಕಿದೆ. ಅಷ್ಟು ಚೊಕ್ಕ ನೆಗೆಟಿವ್ ನಾನು ಮೊದಲು ಕಂಡಿರಲಿಲ್ಲ. ಆದರೆ ಮಳೆಗಾಲದಲ್ಲಿ ಒಣಗಲು ರಾತ್ರಿಯಿಡೀ ಹಿಡಿಯಿತು. ಭಾವ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ಎರಡು ಸಲ ಕೆಮ್ಮಿದರು.

ಮನೆಗೆ ಬಂದು ಹಳೆ ಕಬ್ಬಿಣದ ಕಪಾಟಿನ ಅಡ್ಡ ಹಲಗೆಗಳನ್ನೆಲ್ಲ ಕಿತ್ತೆ. 36 ಫ್ರೇಮಿನ ರೋಲ್ ಒಂದೂವರೆ ಮೀಟರಿಗಿಂತ ಉದ್ದ, ಅದರೊಳಗೆ ಸರಿಯಾಗಿ ತೂಗುತ್ತದೆ. ಒಳಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಫಿಲ್ಮನ್ನು 1:200 ಫೋಟೋ-ಫ್ಲೋ (ಹನಿ ನಿಲ್ಲದೆ ನೀರು ಜಾರಿಹೋಗುವಂತೆ ಮಾಡುವ ದ್ರವ) ಬೆರೆಸಿದ ನೀರಲ್ಲಿ ಅದ್ದಿ, ಕೆಳಗೆ ಕ್ಲಿಪ್ ಕಟ್ಟಿ ಬಾಗಿಲು ಹಾಕುತ್ತೇನೆ. ಕಾರವಾರದ ಬಚ್ಚಲಿನಷ್ಟು ಚೊಕ್ಕ ಅಲ್ಲ, ಆದರೆ ಕೆಮ್ಮುವವರಿಲ್ಲ. ಪ್ರಿಂಟ್ ಮಾಡುವ ದಿನ ನೆಲ ಒರೆಸುತ್ತೇನೆ, ಫ್ಯಾನ್ ಹಾಕುವುದಿಲ್ಲ, ಹಂಚಿನ ಕೆಳಗೆ ತಾಡಪತ್ರಿ ಕಟ್ಟಿದ್ದೇನೆ. ಮೊದಲು ಹಳೆ ಸೀರೆ ಕಟ್ಟಿದ್ದೆ, ಅದರ ನೂಲೇ ಉದುರತೊಡಗಿತು.

ಪ್ರಿಂಟಿನಲ್ಲಿ ಉಳಿದ ಒಂದೆರಡು ಬಿಳಿ ಚುಕ್ಕೆಗೆ ಬಣ್ಣ ಹಚ್ಚುತ್ತೇನೆ. ಆಯಿಯ ಎರಡನೇ ಮೂಗುಬೊಟ್ಟೂ ಹಾಗೇ ಮಾಯವಾಯ್ತು.

ಎನ್‌ಲಾರ್ಜರಿನೊಳಗೆ ನೆಗೆಟಿವನ್ನು ಎರಡು ಗಾಜಿನ ನಡುವೆ ಹಿಡಿಯುವ ಚೌಕಟ್ಟು, ಗಾಜಿನ ನೆಗೆಟಿವ್ ಕ್ಯಾರಿಯರ್ ಬಗ್ಗೆಯೂ ಕೇಳುತ್ತಾರೆ. ಫಿಲ್ಮನ್ನು ಚಪ್ಪಟೆ ಹಿಡಿಯುತ್ತದೆ, ನಿಜ. ಆದರೆ ಎರಡು ಗಾಜಿಗೆ ನಾಲ್ಕು ಮೈ, ಒರೆಸುವ ಕೆಲಸವೂ ಅಷ್ಟು ಹೆಚ್ಚು. ನನ್ನದು ಅಟ್ಟದ ಮೇಲಿದೆ. ಧೂಳು ಹಿಡಿದಿರಬೇಕು.