ಕತ್ತಲಲ್ಲಿ ಕಾರು ಕಲಿಯೋಕೆ ಗಂಡನಾ, ಮೈದಾನನಾ, ಡ್ರೈವಿಂಗ್ ಸ್ಕೂಲಾ?

ಜರ್ಮನಿಯಲ್ಲಿ ನನ್ನ ಡ್ರೈವಿಂಗ್ ಲೈಸೆನ್ಸಿನ ಪ್ರಾಕ್ಟಿಕಲ್ ಟೆಸ್ಟ್‌ಗೆ ಸಿಕ್ಕಿದ್ದು ಡಿಸೆಂಬರಿನ ಒಂದು ದಿನ, ಮಧ್ಯಾಹ್ನ ಮುಕ್ಕಾಲು ನಾಲ್ಕು. ಸ್ಟುಟ್‌ಗಾರ್ಟಿನಲ್ಲಿ ಆಗ ನಾಲ್ಕೂವರೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಟೆಸ್ಟ್ 55 ನಿಮಿಷ. ಕೊನೆಗೆ ಮಬ್ಬುಗತ್ತಲು ಗ್ಯಾರಂಟಿ.

ಜರ್ಮನಿಯಲ್ಲಿ ಹೊಸದಾಗಿ ಕಲಿಯುವವರಿಗೆ ಕತ್ತಲಲ್ಲಿ 45 ನಿಮಿಷದ ಮೂರು ಪಾಠ ಕಡ್ಡಾಯ. ನಮ್ಮ ಇಂಡಿಯಾ ಲೈಸೆನ್ಸ್ ಬದಲಾಯಿಸಿಕೊಳ್ಳುವವರಿಗೆ ಥಿಯರಿ, ಪ್ರಾಕ್ಟಿಕಲ್ ಎರಡೂ ಟೆಸ್ಟ್ ಇವೆ, ಪಾಠ ಕಡ್ಡಾಯವಲ್ಲ. ದುಡ್ಡು ಉಳೀತಲ್ವಾ ಅಂತ ಮೊದಲು ಮನೆ ಕಾರನ್ನೇ ಹತ್ತಿದೆ. ನಮ್ಮ ಲೈಸೆನ್ಸ್ ಇಲ್ಲಿ ಆರು ತಿಂಗಳು ನಡೆಯುತ್ತದೆ.

ಪಕ್ಕದಲ್ಲಿ ಗಂಡ. ಖರ್ಚು ಪೆಟ್ರೋಲು, ಜೊತೆಗೆ ಒಂದಿಷ್ಟು ಜಗಳ. ಒಂದು ಲಾಭ ಇಲ್ಲಿ ಮಾತ್ರ ಸಿಕ್ಕಿತು: ರಾತ್ರಿ ಹನ್ನೊಂದರ ಮೇಲೆ ಊರು ನೋಡಿದೆ. ಆಗ ಕೆಲವು ಸಿಗ್ನಲ್ ಆರಿಸಿರುತ್ತಾರೆ. ಕಂಬದ ಮೇಲಿನ ಬೋರ್ಡ್ ಹೇಳಿದ ಹಾಗೆ ದಾರಿ ಬಿಡಬೇಕು. ಆದರೆ ನಮ್ಮವರ ಪಾಠ ಮೈಸೂರಿನದು. "ಎದುರಿನವನು ಡಿಪ್ ಮಾಡ್ತಿಲ್ಲ, ನೀನೂ ಹೈ ಬೀಮ್ ಹಾಕು!"

ಆರು ತಿಂಗಳು ಮುಗಿದ ಮೇಲೆ ಮನೆ ಕಾರಲ್ಲಿ ರಸ್ತೆಗಿಳಿಯುವ ಹಾಗಿಲ್ಲ. ಆಗ ಉಳಿದದ್ದು ಕಲಿಯುವವರಿಗೆಂದೇ ಇರುವ ಬೇಲಿ ಹಾಕಿದ ಮೈದಾನ. ಸಂಜೆ ಬೇಗ ಗೇಟ್ ಹಾಕುತ್ತಾರೆ, ಎದುರು ಗಾಡಿಯೇ ಬರಲ್ಲ. ರಾತ್ರಿ ಅಭ್ಯಾಸ ಅಂತ ಹೋದರೆ ವ್ಯರ್ಥ. ಊರಿನ ನಮ್ಮ ಮಾರುತಿಯಲ್ಲಿ ಇಂಡಿಕೇಟರ್ ಬಲಗೈಗೆ, ಇಲ್ಲಿ ಎಡಗೈಗೆ. ತಿರುವು ಬಂದಾಗೆಲ್ಲ ಒಣ ಗಾಜಿನ ಮೇಲೆ ವೈಪರ್ ಕಿರ್ರೆನ್ನುತ್ತಿತ್ತು. ಆ ಚಟ ಬಿಟ್ಟಿದ್ದು ಈ ಮೈದಾನದಲ್ಲೇ.

ಕೊನೆಗೆ ಸ್ಕೂಲಿನಲ್ಲಿ ಎರಡು ರಾತ್ರಿ ಪಾಠ ತಗೊಂಡೆ. ದುಬಾರಿ, ನಿಜ. ಊರು ದಾಟಿದ ಕೂಡಲೇ ಮೇಷ್ಟ್ರು ರಸ್ತೆ ಪಕ್ಕದ ಬಿಳಿ ಗೂಟ ತೋರಿಸಿದರು. ನೇರ ರಸ್ತೆಯಲ್ಲಿ ಗೂಟದಿಂದ ಗೂಟಕ್ಕೆ 50 ಮೀಟರ್. "ಎಷ್ಟು ಕಾಣ್ತಿವೆ?" ಎರಡು ಅಂದೆ. ಸ್ಪೀಡು 100. ಇಲ್ಲಿನ ಲೆಕ್ಕದಲ್ಲಿ ಆ ವೇಗಕ್ಕೆ ನಿಲ್ಲೋಕೆ 130 ಮೀಟರ್ ಬೇಕು. ಕಾಣುವಷ್ಟರೊಳಗೆ ನಿಲ್ಲಬೇಕು ಅನ್ನೋದು ಕಾನೂನು. ನನ್ನ ಕಾಲು ತಾನಾಗೇ ಆಕ್ಸಿಲರೇಟರ್ ಬಿಟ್ಟಿತು. ಜಿಂಕೆ ಬೋರ್ಡ್ ಬೇರೆ ಕಾಣಿಸಿತು. ಎದುರಿನ ಲೈಟ್ ಕಣ್ಣಿಗೆ ಹೊಡೆದರೆ? ಬಲಗಡೆ ಬಿಳಿ ಗೆರೆ ನೋಡು, ನಿಧಾನ ಮಾಡು ಅಂದರು. ಜಿದ್ದಿಗೆ ಹೈ ಬೀಮ್ ಹಾಕುವ ಮಾತೇ ಇಲ್ಲ.

ನನ್ನ ಕೇಳಿದರೆ ಮೊದಲೇ ಸ್ಕೂಲಿಗೆ ಹೋಗಿ ಒಂದೆರಡು ರಾತ್ರಿ ಪಾಠ ತಗೊಳ್ಳಿ. ಆಮೇಲೆ ಮನೆಯವರ ಜೊತೆ, ಆರು ತಿಂಗಳೊಳಗೆ. ನಾನು ಉಲ್ಟಾ ಮಾಡಿದೆ, ಕಲಿತದ್ದನ್ನು ಮರೆಯೋಕೂ ದುಡ್ಡು ಕೊಟ್ಟೆ.

ಮೈದಾನಕ್ಕೆ ಕೊಟ್ಟ ದುಡ್ಡು ಸುಮ್ನೆ ಹೋಗಲಿಲ್ಲ ಅನ್ನಿ. ಟೆಸ್ಟ್ ದಿನ ಹಿಂದಿನ ಸೀಟಿನಲ್ಲಿ ಕೂತ ಪರೀಕ್ಷಕರು ಮೊದಲು ಕೇಳಿದ್ದು, ಹಿಂದಿನ ಫಾಗ್ ಲೈಟ್ ಯಾವಾಗ ಹಾಕ್ತೀರಿ ಅಂತ. ಮಂಜಿನಲ್ಲಿ 50 ಮೀಟರ್‌ ಕೂಡ ಕಾಣದಿದ್ದರೆ ಮಾತ್ರ ಅಂದೆ. ಮೈದಾನದಲ್ಲಿ ಪಳಗಿದ ಕೈ, ಸ್ವಿಚ್ಚನ್ನು ನೋಡದೆಯೇ ಒತ್ತಿ ತೋರಿಸಿದೆ.