ಸೇವೆ ಮುಗಿದ ಮೇಲೆ ನೇಪಾಳ ಸುತ್ತಾಟ: ಪ್ಯಾಕೇಜ್ ಒಳ್ಳೆಯದಾ, ನಾವೇ ಹೋಗುವುದಾ?

ಮೊದಲೇ ಹೇಳುತ್ತೇನೆ, ಇನ್ನು ನಾನು ಪ್ಯಾಕೇಜ್‌ಗೆ ದುಡ್ಡು ಕೊಡುವುದಿಲ್ಲ. ಎರಡು ವರ್ಷ ಎರಡು ಥರ ಸುತ್ತಿ ನೋಡಿದ್ದೇನೆ.

ನಮ್ಮದು ಕುಂಬಳೆ, ಬದಿಯಡ್ಕ ಕಡೆಯ ಐದು ಜನರ ಗುಂಪು. ನೇಪಾಳದ ಪೋಖರಾ ಪಟ್ಟಣದ ಮೇಲಿನ ಗುಡ್ಡದ ಒಂದು ಶಾಲೆಗೆ 2023 ಮತ್ತು 2024ರ ಫೆಬ್ರವರಿಯಲ್ಲಿ ಸ್ವಯಂಸೇವೆಗೆ ಹೋಗಿದ್ದೆವು, ಮೂರು ಮೂರು ವಾರ. ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಗೋಡೆಗೆ ಬಣ್ಣ ಬಳಿಯುವುದು, ನೀರಿನ ಪೈಪ್ ಎಳೆಯುವುದು. ಕೊನೆಗೆ ಐದು ದಿನ ಸುತ್ತಾಟ. ಮೊದಲ ವರ್ಷ ಯುರೋಪಿನ ಆರು ಜನರ ಜೊತೆ ಸೇರಿ ಕಠ್ಮಂಡುವಿನ ಒಂದು ಏಜೆನ್ಸಿಯ ಪ್ಯಾಕೇಜ್ ತೆಗೆದುಕೊಂಡೆವು. ಮರುವರ್ಷ ಶಾಲೆಯ ಮಾಷ್ಟ್ರೊಬ್ಬರನ್ನು ಜೊತೆಗೆ ಕರೆದುಕೊಂಡು ನಾವೇ ಹೊರಟೆವು. ಪ್ಯಾಕೇಜ್‌ಗೆ ತಲೆಗೆ 26,000 ರೂಪಾಯಿ ಆಗಿತ್ತು. ನಾವೇ ಹೋದಾಗ, ಮಾಷ್ಟ್ರ ಖರ್ಚು ಹಂಚಿಕೊಂಡೂ, 12,500.

ಈ ವ್ಯತ್ಯಾಸದ ಸುಳಿವು ನನಗೆ ಸಿಕ್ಕಿದ್ದು ಮೊದಲ ವರ್ಷವೇ, ಕಠ್ಮಂಡು ಹತ್ತಿರದ ಹಳೆಯ ಊರು ಭಕ್ತಪುರದ ಟಿಕೆಟ್ ಕೌಂಟರಿನ ಮುಂದೆ. ಬೋರ್ಡಿನಲ್ಲಿ ವಿದೇಶಿಯರಿಗೆ ಒಂದು ದರ, ಸಾರ್ಕ್ ದೇಶದವರಿಗೆ ಇನ್ನೊಂದು. ಸಾರ್ಕ್ ಅಂದರೆ ದಕ್ಷಿಣ ಏಷ್ಯಾದ ದೇಶಗಳ ಕೂಟ, ಭಾರತದ ನಾವೂ ಅದರಲ್ಲಿ ಸೇರಿದೆವು, ದರ ತುಂಬಾ ಕಡಿಮೆ. ಗೈಡ್ ನನ್ನ ಕೈಗೆ ಕೊಟ್ಟದ್ದೂ ಸಾರ್ಕ್ ಟಿಕೆಟ್ಟೇ. ಆದರೆ ನಾವು ಕೊಟ್ಟ ದುಡ್ಡು ಮಾತ್ರ ಗುಂಪಿನ ಜರ್ಮನಿಯವರು ಕೊಟ್ಟಷ್ಟೇ! ಕೇಳಿದರೆ, ‘ಪ್ಯಾಕೇಜಿನಲ್ಲಿ ಎಲ್ಲರಿಗೂ ಒಂದೇ ರೇಟು ಸಾರ್’ ಅಂದ.

ಅಲ್ಲಿಂದ ನನ್ನ ತಲೆಯಲ್ಲಿ ಅದೇ ಲೆಕ್ಕ. ಪಶುಪತಿನಾಥದಲ್ಲಿ ವಿದೇಶಿಯರಿಗೆ ಟಿಕೆಟ್ ಇದೆ, ಭಾರತೀಯರಿಗೆ ಇಲ್ಲವೇ ಇಲ್ಲ. ನಮ್ಮ ಬಿಲ್ಲಿನಲ್ಲಿ ‘ಪ್ರವೇಶ ಶುಲ್ಕ ಸೇರಿ’ ಅಂತ ಬರೆದಿತ್ತು. ಚಿತ್ವನ್ ಕಾಡಿನಲ್ಲೂ ಸಾರ್ಕ್ ದರ ಬೇರೆ. ಏಜೆನ್ಸಿಗೆ ಎರಡು ಸಲ ಫೋನ್ ಮಾಡಿದೆ, ಒಂದು ಕಾಗದವನ್ನೂ ಬರೆದೆ. ಒಂದು ಪೈಸೆ ವಾಪಸ್ ಬರಲಿಲ್ಲ. ಮೋಸ ಅಂತ ನಾನು ಹೇಳುವುದಿಲ್ಲ, ಸಹಿ ಹಾಕಿದ್ದು ನಾವೇ. ಆದರೆ ನೆರೆಮನೆಯವರು ಅಂತ ಆ ದೇಶ ನಮಗೆ ಕೊಡುವ ರಿಯಾಯಿತಿ ನಡುವಿನವನ ಜೇಬಿಗೆ ಹೋಗುವುದು ಸರಿಯಾ? ಗುಂಪಿನಲ್ಲಿ ಬೇರೆ ದೇಶದವರಿದ್ದರೆ ಇದನ್ನು ಮೊದಲೇ ಕೇಳಿ, ಭಾರತೀಯರಿಗೆ ಬೇರೆ ಬಿಲ್ ಮಾಡಿಸಿ.

ಪಶುಪತಿನಾಥದ ಬಗ್ಗೆ ಇನ್ನೂ ಒಂದು ಬೇಜಾರು. ಅಲ್ಲಿಯ ಮೂಲ ಅರ್ಚಕರಾದ ಭಟ್ಟರು ತಲೆಮಾರುಗಳಿಂದ ಕರ್ನಾಟಕದ ಕಡೆಯವರು. ನಮಗೆ ಅದು ಎಷ್ಟು ದೊಡ್ಡ ವಿಷಯ! ಪ್ಯಾಕೇಜಿನವರು ಅಲ್ಲಿ ಕೊಟ್ಟದ್ದು ನಲವತ್ತು ನಿಮಿಷ. ಆಮೇಲೆ ಪಶ್ಮೀನಾ ಶಾಲಿನ ಅಂಗಡಿಯಲ್ಲಿ ಒಂದೂವರೆ ಗಂಟೆ ಕೂರಿಸಿದರು. ಮರುವರ್ಷ ನಾವು ಮಧ್ಯಾಹ್ನ ಮೂರಕ್ಕೆ ಹೋಗಿ, ಬಾಗ್ಮತಿ ದಡದ ಸಂಜೆಯ ಆರತಿ ಮುಗಿಯುವವರೆಗೆ ಇದ್ದೆವು. ಎದುರಿನ ದಡದಲ್ಲಿ ಆರತಿ, ಈಚೆ ಘಾಟಿನಲ್ಲಿ ಚಿತೆ ಉರಿಯುತ್ತಿತ್ತು. ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಕುಣಿತದ ಕಥೆಯೂ ಹಾಗೇ. ಚಿತ್ವನ್‌ನಲ್ಲಿ ಥಾರೂ ಜನರ ಕೋಲಾಟ ತೋರಿಸಿದರು. ಕುಣಿದವರು ಚೆನ್ನಾಗಿಯೇ ಕುಣಿದರು. ಆದರೆ ಎಲ್ಲವೂ ಸ್ವಲ್ಪ ಸ್ವಲ್ಪ, ಗಡಿಯಾರ ನೋಡಿಕೊಂಡು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳೆದ ಕುಂಬಳೆಯವರಿಗೆ ಅದು ಸಾಲುತ್ತದಾ?

ಎರಡನೇ ವರ್ಷ ಘಾಂದ್ರುಕ್‌ಗೆ ಹೋದೆವು. ಸುಮಾರು 2,000 ಮೀಟರ್ ಎತ್ತರದ ಗುರುಂಗ್ ಜನರ ಊರು. ಅನ್ನಪೂರ್ಣ ಪ್ರದೇಶದ ಪರ್ಮಿಟ್ ಬೇಕು, ಅದಕ್ಕೂ ಸಾರ್ಕ್ ದರ ಇದೆ. ಜೀಪ್ ಇಳಿದು ಕಲ್ಲಿನ ಮೆಟ್ಟಿಲು ಹತ್ತಿ ಹೋದಾಗ ಆಮಾ ಸಮೂಹದವರು, ಅಂದರೆ ಊರಿನ ತಾಯಂದಿರ ಸಂಘದವರು, ಚೆಂಡುಹೂವಿನ ಮಾಲೆ ಹಿಡಿದು ನಿಂತಿದ್ದರು. ಅಕ್ಕಿಗೆ ಮೊಸರು, ಕೆಂಪು ಪುಡಿ ಕಲಸಿದ ಟೀಕಾವನ್ನು ಒಬ್ಬ ಅಜ್ಜಿ ಹೆಬ್ಬೆರಳಿನಿಂದ ನನ್ನ ಹಣೆಗೆ ಒತ್ತಿದರು. ಆ ಬೆರಳು ಒರಟು, ಥೇಟ್ ಅಡಿಕೆ ಸುಲಿಯುವ ನನ್ನ ಅಜ್ಜಿಯ ಬೆರಳಿನ ಹಾಗೆ. ಒಂದೊಂದು ಅಗುಳು ಕಣ್ಣಿನ ಮೇಲೆ ಉದುರಿತು, ಅವರು ನಕ್ಕು ಸೆರಗಿನಿಂದ ಒರೆಸಿದರು. ರಾತ್ರಿ ಮಾದಲ್ ಎಂಬ ಡೋಲು ಬಾರಿಸಿ ಹಾಡಿದರು, ನಮ್ಮನ್ನೂ ಎಬ್ಬಿಸಿ ಕುಣಿಸಿದರು. ನಾವು ತಟ್ಟೆಗೆ ಹಾಕಿದ ದುಡ್ಡು ಊರಿನ ದಾರಿ, ಶಾಲೆಯ ಕೆಲಸಕ್ಕೆ ಅಂತ ಮಾಷ್ಟ್ರು ಹೇಳಿದರು.

ಊಟಕ್ಕೆ ಕೋದೋ ಹಿಟ್ಟಿನ ಢಿಂಡೋ. ಅವರು ಕೋದೋ ಅನ್ನುವುದು ನಮ್ಮ ರಾಗಿಯನ್ನೇ. ಮುದ್ದೆಯ ಹಾಗೇ ಇತ್ತು, ಜೊತೆಗೆ ಹುಳಿ ಬಂದ ಒಣಸೊಪ್ಪಿನ ಗುಂದ್ರುಕ್ ಸಾರು. ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೇ ಅನ್ನಪೂರ್ಣ ದಕ್ಷಿಣ ಶಿಖರ, ಪಕ್ಕದಲ್ಲಿ 6,993 ಮೀಟರಿನ ಮಚ್ಛಾಪುಚ್ಛ್ರೆ.

ಪ್ಯಾಕೇಜ್ ಗೆಲ್ಲುವುದು ಎರಡು ಕಡೆ. ಬಿಸಿನೀರು ದಿನಾ ಸಿಕ್ಕಿತು. ಚಿತ್ವನ್‌ನಲ್ಲಿ ಜೀಪ್ ಹೊತ್ತಿಗೆ ಸರಿಯಾಗಿ ಬಂದು ಒಂಟಿ ಕೊಂಬಿನ ಘೇಂಡಾಮೃಗ ಹತ್ತಿರದಿಂದ ನೋಡಿದೆವು. ಪೋಖರಾದಿಂದ ಕಠ್ಮಂಡುವಿಗೆ ಸುಮಾರು 200 ಕಿಲೋಮೀಟರ್ ರಸ್ತೆ, ಇಡೀ ದಿನದ ಧೂಳು. ಅದು ಎರಡಕ್ಕೂ ಸಮ.

ನಾವೇ ಹೋಗುವುದಾದರೆ ಕಾಗದಪತ್ರ, ನೋಟು ನಾವೇ ನೋಡಿಕೊಳ್ಳಬೇಕು. ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಹಿಡಿದುಕೊಳ್ಳಿ, ವಿಮಾನಕ್ಕೆ ಆಧಾರ್ ನಡೆಯುವುದಿಲ್ಲ. ನಾವು ಹೋದಾಗ ನೂರಕ್ಕಿಂತ ದೊಡ್ಡ ಭಾರತೀಯ ನೋಟು ಅಲ್ಲಿ ನಡೆಯುತ್ತಿರಲಿಲ್ಲ. ಕಾಸರಗೋಡಿನಿಂದಲೇ ನೂರರ ಕಟ್ಟು ಒಯ್ದಿದ್ದೆವು. ನಮ್ಮ ನೂರಕ್ಕೆ ಅವರ ನೂರ ಅರವತ್ತು, ಲೆಕ್ಕ ಸುಲಭ.

ಮುಂದಿನ ಸಲ ಅಮ್ಮನೂ ಬರುತ್ತಾರಂತೆ, ಪಶುಪತಿನಾಥ ನೋಡಬೇಕಂತೆ. ಅವರಿಗೆ ಮಂಡಿನೋವು, ಕಠ್ಮಂಡುವಿಗೆ ಇಡೀ ದಿನದ ಬಸ್ಸು ಆಗದು. ಆದರೂ ಪ್ಯಾಕೇಜ್ ಬೇಡ, ಪೋಖರಾದಿಂದ ವಿಮಾನದಲ್ಲೇ ಕರೆದುಕೊಂಡು ಹೋಗುತ್ತೇನೆ. ಅರ್ಧ ಗಂಟೆಯ ದಾರಿ, ಅದರ ಟಿಕೆಟ್ಟಿನಲ್ಲೂ ಭಾರತೀಯರಿಗೆ ಬೇರೆ ದರ ಇದೆ.